ವೆಟ್‌ಸೂಟ್ ತೊಡಬೇಕೇ, ಬೇಡವೇ? ತಣ್ಣೀರಿನಲ್ಲಿ ಈಜಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರು, ಮೈಸೂರು, ಮಂಗಳೂರುಗಳ ಈಜುಕೊಳಗಳಲ್ಲಿ ಈಜು ಕಲಿತು, ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕನ್ನಡಿಗರು ಅಲ್ಲಿನ ಸರೋವರಗಳನ್ನು ಕಂಡಾಗ ಇಳಿದು ಈಜಬೇಕೆಂದು ಆಸೆಪಡುವುದು ಸಹಜ. ಜೂನ್ ತಿಂಗಳ ಬಿಸಿಲಿನ ದಿನ ವಿಂಡರ್‌ಮಿಯರ್ ಸರೋವರದ ದಡದಲ್ಲಿ ಗಾಳಿಯ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್ ಇದ್ದರೂ ನೀರು 15 ಡಿಗ್ರಿಯ ಆಸುಪಾಸಿನಲ್ಲೇ ಇರಬಹುದು. ನಮ್ಮ ಕೊಳಗಳ ಬೆಚ್ಚನೆಯ ನೀರಿಗೆ ಒಗ್ಗಿದ ಮೈಗೆ ಈ ಅನುಭವ ಸಂಪೂರ್ಣ ಹೊಸದು. ದಡದಲ್ಲಿ ಕೆಲವರು ಕುತ್ತಿಗೆಯಿಂದ ಕಣಕಾಲಿನವರೆಗೆ ವೆಟ್‌ಸೂಟ್ ಎಂಬ ಕಪ್ಪು ರಬ್ಬರಿನ ಉಡುಪು ತೊಟ್ಟು ನಿಂತಿರುತ್ತಾರೆ. ಅವರ ಪಕ್ಕದಲ್ಲೇ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬರಿಯ ಈಜುಡುಗೆಯಲ್ಲಿ ನಿರಾಳವಾಗಿ ನೀರಿಗಿಳಿಯುತ್ತಾರೆ. ಇವರಲ್ಲಿ ಯಾರನ್ನೋ ನೋಡಿ ಅನುಸರಿಸಿದರೆ ನಿರ್ಧಾರ ತಪ್ಪುವ ಸಂಭವವೇ ಹೆಚ್ಚು, ಏಕೆಂದರೆ ಅವರ ದೇಹಕ್ಕೆ ಎಷ್ಟು ವರ್ಷಗಳ ರೂಢಿಯಿದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ.

ವೆಟ್‌ಸೂಟ್ ಬೇಕೇ ಎಂಬುದನ್ನು ಬಹಳಷ್ಟು ಮಂದಿ ನೀರಿನ ಉಷ್ಣತೆಯೊಂದನ್ನೇ ನೋಡಿ ತೀರ್ಮಾನಿಸುತ್ತಾರೆ. ಉಷ್ಣತೆ ಮುಖ್ಯ, ಆದರೆ ಅದಷ್ಟೇ ಸಾಲದು. ಆ ನೀರಿನಲ್ಲಿ ನೀವು ಎಷ್ಟು ಹೊತ್ತು ಇರಬೇಕಾಗುತ್ತದೆ, ಹೊರಬಂದ ಮೇಲಿನ ಅರ್ಧ ಗಂಟೆಯನ್ನು ಎಲ್ಲಿ, ಹೇಗೆ ಕಳೆಯುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಉಷ್ಣತೆಯ ಅಂಕಿಗೆ ಅರ್ಥ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿಯಲ್ಲಿ ಇವೆಲ್ಲವನ್ನೂ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ.

ಮೊದಲು ತಿಳಿದಿರಬೇಕಾದದ್ದು: ಸೂಟು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ವೆಟ್‌ಸೂಟನ್ನು ನಿಯೋಪ್ರೀನ್ ಎಂಬ ಕೃತಕ ರಬ್ಬರಿನಿಂದ ತಯಾರಿಸುತ್ತಾರೆ. ಈ ರಬ್ಬರಿನೊಳಗೆ ಅನಿಲದ ಅತಿ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ, ಮತ್ತು ಚಳಿಯನ್ನು ತಡೆಯುವ ಕೆಲಸದ ಬಹುಪಾಲನ್ನು ಆ ಗುಳ್ಳೆಗಳೇ ಮಾಡುತ್ತವೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಇಂತಹ ಉಡುಪನ್ನು ರೂಪಿಸಿದಾಗ ಕಂಡುಕೊಂಡ ಮುಖ್ಯ ಸಂಗತಿಯೆಂದರೆ, ಉಡುಪಿನೊಳಗೆ ನೀರು ಬರದಂತೆ ತಡೆಯಬೇಕಾದ ಅಗತ್ಯವಿಲ್ಲ, ಉಡುಪೇ ಶಾಖವನ್ನು ಹಿಡಿದಿಟ್ಟರೆ ಸಾಕು ಎಂಬುದು. ಮೈಗೂ ಸೂಟಿಗೂ ನಡುವೆ ತೆಳುವಾದ ನೀರಿನ ಪದರ ಸೇರುತ್ತದೆ, ದೇಹದ ಶಾಖದಿಂದ ಅದು ಬೆಚ್ಚಗಾಗುತ್ತದೆ. ಸೂಟು ಸಡಿಲವಾಗಿದ್ದರೆ ಈ ನೀರು ನಿಲ್ಲದೆ ಹರಿದುಹೋಗಿ ಹೊಸ ತಣ್ಣೀರು ಒಳಬರುತ್ತಲೇ ಇರುವುದರಿಂದ ತೊಟ್ಟ ಪ್ರಯೋಜನ ಕಡಿಮೆಯಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ನೆನೆದರೆ ಈ ತಡೆಯ ಬೆಲೆ ತಿಳಿಯುತ್ತದೆ.

ಎರಡನೆಯ ಪ್ರಯೋಜನ ತೇಲುವಿಕೆ. ಗುಳ್ಳೆಗಳಿರುವ ರಬ್ಬರು ದೇಹವನ್ನು, ಅದರಲ್ಲೂ ಸೊಂಟ ಮತ್ತು ಕಾಲುಗಳನ್ನು, ಮೇಲಕ್ಕೆತ್ತುತ್ತದೆ. ಈಜುವಾಗ ಕಾಲು ಕೆಳಕ್ಕೆ ಇಳಿಯುವ ದೋಷವಿರುವವರಿಗೆ ಇದರಿಂದ ವೇಗವೂ ಹೆಚ್ಚುತ್ತದೆ. ಮೊದಲೇ ಚೆನ್ನಾಗಿ ಮಟ್ಟಸವಾಗಿ ಈಜುವವರಿಗೆ ಸಿಗುವ ಲಾಭ ಕಡಿಮೆ. ಆದರೆ ಈ ತೇಲುವಿಕೆಯನ್ನು ಜೀವರಕ್ಷಕ ಜಾಕೆಟ್ಟಿನ ತೇಲುವಿಕೆ ಎಂದು ಭಾವಿಸಬಾರದು. ಪ್ರಜ್ಞೆ ತಪ್ಪಿದವರ ಮುಖವನ್ನು ವೆಟ್‌ಸೂಟ್ ನೀರಿನಿಂದ ಮೇಲೆ ಹಿಡಿಯುವುದಿಲ್ಲ. ಮುಖ, ಅಂಗೈ, ಪಾದಗಳು ಸೂಟಿನ ಹೊರಗೇ ಉಳಿಯುತ್ತವೆ. ತಣ್ಣೀರಿಗೆ ಇಳಿದ ಕೂಡಲೇ ಉಂಟಾಗುವ ಆಘಾತವನ್ನು ಸೂಟು ತಗ್ಗಿಸುತ್ತದೆಯೇ ಹೊರತು ಪೂರ್ತಿಯಾಗಿ ಇಲ್ಲವಾಗಿಸುವುದಿಲ್ಲ.

ಮೊದಲ ಹೆಜ್ಜೆ: ಈಜಲು ಹೊರಟಿರುವ ಕಡೆಯ ನಿಯಮವನ್ನು ಓದಿ

ಸ್ಪರ್ಧೆಗಾಗಿ ಈಜುವವರಲ್ಲಿ ಎಷ್ಟೋ ಮಂದಿಗೆ ಆಯ್ಕೆಯ ಪ್ರಶ್ನೆಯೇ ಇರುವುದಿಲ್ಲ, ನಿಯಮವೇ ಅದನ್ನು ನಿರ್ಧರಿಸಿಬಿಟ್ಟಿರುತ್ತದೆ. ಈಜಿನ ಅಂತಾರಾಷ್ಟ್ರೀಯ ಆಡಳಿತ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್‌ನ ಓಪನ್ ವಾಟರ್ (ಸರೋವರ, ಸಮುದ್ರಗಳಲ್ಲಿ ನಡೆಯುವ) ಸ್ಪರ್ಧೆಗಳಲ್ಲಿ ನೀರು 18 ಡಿಗ್ರಿಗಿಂತ ತಣ್ಣಗಿದ್ದರೆ ವೆಟ್‌ಸೂಟ್ ಕಡ್ಡಾಯ, 18ರಿಂದ 20 ಡಿಗ್ರಿಯೊಳಗೆ ಅದು ಈಜುಗಾರರ ಇಚ್ಛೆಗೆ ಬಿಟ್ಟದ್ದು, 20 ಡಿಗ್ರಿ ಮುಟ್ಟಿದ ಮೇಲೆ ನಿಷಿದ್ಧ. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ನಲ್ಲಿ ಲೆಕ್ಕ ಬೇರೆ: ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ ವೃತ್ತಿಪರರಲ್ಲದವರ ವಯೋಮಾನದ ವಿಭಾಗಗಳಲ್ಲಿ 1,500 ಮೀಟರ್‌ವರೆಗಿನ ಈಜಿಗೆ ನೀರು 22 ಡಿಗ್ರಿ ತಲುಪಿದರೆ ಸೂಟನ್ನು ತೊಡುವಂತಿಲ್ಲ. ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ವಯೋಮಾನದ ವಿಭಾಗದವರಿಗೆ 24.5 ಡಿಗ್ರಿಯವರೆಗೆ ಅನುಮತಿಯಿದೆ. ಈ ಅಂಕಿಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಆಯಾ ವರ್ಷದ ಸ್ಪರ್ಧಾ ಕೈಪಿಡಿಯನ್ನೇ ಪ್ರಮಾಣವೆಂದು ಇಟ್ಟುಕೊಳ್ಳಬೇಕು. ಗೋವಾದ ಬೆಚ್ಚನೆಯ ಸಮುದ್ರದಲ್ಲಿ ಬರಿಯ ಟ್ರಯಥ್ಲಾನ್ ಉಡುಪಿನಲ್ಲಿ ಈಜಿ ಅಭ್ಯಾಸವಾದ ಬೆಂಗಳೂರಿನ ಸ್ಪರ್ಧಿಗಳು ಯುರೋಪಿನ ಸ್ಪರ್ಧೆಗೆ ಹೆಸರು ಕೊಟ್ಟಾಗ ಅಲ್ಲಿ ಸೂಟು ಕಡ್ಡಾಯವಾಗಬಹುದು ಎಂಬುದನ್ನು ಕೊನೆಯ ವಾರದಲ್ಲಿ ಅರಿಯುವುದುಂಟು. ಆಗ ಕೊಂಡು ತಂದ ಸೂಟನ್ನು ಸ್ಪರ್ಧೆಯ ದಿನವೇ ಮೊದಲ ಬಾರಿಗೆ ತೊಡುವುದು ಅಪಾಯಕರ.

ಇದಕ್ಕೆ ತದ್ವಿರುದ್ಧವಾದದ್ದು ಇಂಗ್ಲಿಷ್ ಕಡಲ್ಗಾಲುವೆಯ ಪರಂಪರೆ. 1875ರಲ್ಲಿ ಮ್ಯಾಥ್ಯೂ ವೆಬ್ ಅದನ್ನು 21 ಗಂಟೆ 45 ನಿಮಿಷಗಳಲ್ಲಿ ಈಜಿ ದಾಟಿದಾಗ ವೆಟ್‌ಸೂಟ್ ಎಂಬುದೇ ಇರಲಿಲ್ಲ. ಇಂದಿಗೂ ಅಲ್ಲಿ ಮಾನ್ಯತೆ ಪಡೆಯಬೇಕಾದರೆ ಸಾಮಾನ್ಯ ಈಜುಡುಗೆ, ಒಂದು ಕ್ಯಾಪ್, ಗಾಗಲ್ಸ್ ಮತ್ತು ಮೈಗೆ ಹಚ್ಚಿದ ಜಿಡ್ಡು, ಇಷ್ಟರಲ್ಲೇ ಈಜಬೇಕು. ದಾಟಲು ಅನುಮತಿ ಕೇಳುವವರು ಅದಕ್ಕೂ ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಸತತ 6 ಗಂಟೆ ಈಜಿದ್ದನ್ನು ದೃಢಪಡಿಸಬೇಕು. ಭಾರತದ ಈಜುಗಾರರಾದ ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ದಾಟಿದ್ದು ಸೂಟಿಲ್ಲದೆಯೇ. ಅಂತಹ ಗುರಿ ನಿಮ್ಮದಾಗಿದ್ದರೆ ಅಭ್ಯಾಸವೂ ಸೂಟಿಲ್ಲದೆಯೇ ನಡೆಯಬೇಕು, ಮತ್ತು ಅದಕ್ಕೆ ಹಲವು ತಿಂಗಳುಗಳ ಸಿದ್ಧತೆ ಬೇಕು.

ಸ್ಪರ್ಧೆಯೂ ಇಲ್ಲ, ದಾಖಲೆಯೂ ಬೇಡ, ಸಂತೋಷಕ್ಕಾಗಿ ಈಜುತ್ತೇನೆ ಎನ್ನುವವರು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಈಜಿಗೆಂದು ತೆರೆದಿರುವ ಎಷ್ಟೋ ಸರೋವರಗಳ ನಿರ್ವಾಹಕರು ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ಸೂಟು ಬೇಕೇಬೇಕು ಎನ್ನುತ್ತಾರೆ. ಹೋಗುವ ಮುನ್ನ ವಿಚಾರಿಸಿಕೊಳ್ಳಿ.

ಎರಡನೆಯ ಹೆಜ್ಜೆ: ನೀರನ್ನು ಅಳೆಯಿರಿ, ಹವೆಯನ್ನಲ್ಲ

ಬಿಸಿಲನ್ನು ನೋಡಿ ನೀರನ್ನು ಊಹಿಸುವುದು ತೀರಾ ಸಾಮಾನ್ಯವಾದ ತಪ್ಪು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಬ್ರಿಟನ್ನಿನ ಸುತ್ತಲಿನ ಸಮುದ್ರ ಅತ್ಯಂತ ತಣ್ಣಗಿರುವುದು ಡಿಸೆಂಬರಿನಲ್ಲಲ್ಲ, ಫೆಬ್ರವರಿ-ಮಾರ್ಚಿನಲ್ಲಿ. ಅತ್ಯಂತ ಬೆಚ್ಚಗಿರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಆದ್ದರಿಂದ ಮೇ ತಿಂಗಳಲ್ಲಿ ಬರುವ ಮೊದಲ ಬಿಸಿಲಿನ ವಾರಾಂತ್ಯ ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ: ಮೇಲೆ ಬೇಸಿಗೆ, ಕೆಳಗೆ ಇನ್ನೂ ಚಳಿಗಾಲದ ನೀರು.

ಮಕ್ಕಳ ಸ್ನಾನದ ನೀರನ್ನು ಅಳೆಯಲು ಬಳಸುವ, ತೇಲುವ ಥರ್ಮಾಮೀಟರ್ ಇದಕ್ಕೆ ಸಾಕು. ಅದಕ್ಕೆ ದಾರ ಕಟ್ಟಿ, ದಡದಿಂದ ತುಸು ಒಳಗೆ, ಸೊಂಟದಷ್ಟು ಆಳವಿರುವಲ್ಲಿ, ನೀರಿನ ಮೇಲ್ಮೈಗಿಂತ ಒಂದು ಮೊಳ ಕೆಳಗೆ ಎರಡು ನಿಮಿಷ ಹಿಡಿದು ಓದಬೇಕು. ದಡದ ಅಂಚಿನ ತೆಳುನೀರು ಬಿಸಿಲಿಗೆ ಕಾದು ಸುಳ್ಳು ಹೇಳುತ್ತದೆ. ಆಳವಾದ ಸರೋವರಗಳಲ್ಲಿ ಬೆಚ್ಚನೆಯ ನೀರು ಮೇಲಿನ ಪದರವಾಗಿ ನಿಂತಿದ್ದು, ಜೋರು ಗಾಳಿ ಬೀಸಿದಾಗ ಅದು ಎದುರು ದಡಕ್ಕೆ ತಳ್ಳಲ್ಪಟ್ಟು, ಈಚೆ ದಡದಲ್ಲಿ ಕೆಳಗಿನ ತಣ್ಣೀರು ಮೇಲೇರುತ್ತದೆ. ನಿನ್ನೆ ಫಲಕದ ಮೇಲೆ ಬರೆದ 18 ಡಿಗ್ರಿ ಇಂದು ನಿಜವಾಗಿರಬೇಕೆಂದಿಲ್ಲ. ತೊರೆ ಬಂದು ಸೇರುವ ಕಡೆ ನೀರು ಇನ್ನಷ್ಟು ತಣ್ಣಗಿರುತ್ತದೆ. ಅಳತೆಯ ಜೊತೆಗೆ ಗಾಳಿಯ ವೇಗವನ್ನೂ ಗಮನಿಸಿ, ಏಕೆಂದರೆ ಗಾಳಿ ಹೆಚ್ಚಿದಂತೆ ಈಜು ನಿಧಾನವಾಗುತ್ತದೆ, ಹೊರಬಂದಾಗ ಒದ್ದೆ ಮೈ ಬೇಗ ತಣಿಯುತ್ತದೆ.

ಮೂರನೆಯ ಹೆಜ್ಜೆ: ನೀರಿನಲ್ಲಿರುವ ಸಮಯವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ

ವಿಂಡರ್‌ಮಿಯರ್‌ನಲ್ಲಿ ಪ್ರತಿವರ್ಷ ಜೂನ್‌ನಲ್ಲಿ ನಡೆಯುವ ಗ್ರೇಟ್ ನಾರ್ತ್ ಸ್ವಿಮ್‌ನ ಒಂದು ಮೈಲಿಯ ಈಜನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೊಳದಲ್ಲಿ 100 ಮೀಟರನ್ನು ಎರಡೂವರೆ ನಿಮಿಷಕ್ಕೆ ಈಜುವವರು 1,600 ಮೀಟರಿಗೆ 40 ನಿಮಿಷ ಎಂದು ಲೆಕ್ಕ ಹಾಕುತ್ತಾರೆ. ಆದರೆ ಕೊಳದಲ್ಲಿ ಪ್ರತಿ 25 ಮೀಟರಿಗೆ ಗೋಡೆಯನ್ನು ಒದ್ದು ಪಡೆದ ವೇಗ ಸರೋವರದಲ್ಲಿ ಸಿಗುವುದಿಲ್ಲ. ದಾರಿ ನೋಡಲು ಆಗಾಗ ತಲೆಯೆತ್ತಬೇಕು, ತೇಲುಗುರುತಿನ ಕಡೆಗೆ ನೇರವಾಗಿ ಹೋಗುತ್ತಿದ್ದೇವೆಂದುಕೊಂಡು ಓರೆಯಾಗಿ ಹೋಗಿರುತ್ತೇವೆ, ಅಲೆಯಿದ್ದರೆ ಉಸಿರಿನ ಲಯ ತಪ್ಪುತ್ತದೆ. ಇವೆಲ್ಲ ಸೇರಿ 50 ನಿಮಿಷ ಎಂದು ಹಿಡಿಯುವುದು ವಿವೇಕ. ಸ್ಪರ್ಧೆಯ ಆರಂಭಕ್ಕೆ ನೀರಿನಲ್ಲೇ ಕಾಯಬೇಕಿದ್ದರೆ ಆ ಸಮಯವನ್ನೂ ಸೇರಿಸಬೇಕು. ಕಾಯುವಾಗ ದೇಹ ಶಾಖವನ್ನು ಉತ್ಪಾದಿಸುವುದು ಕಡಿಮೆ.

ಈಗ ಉಷ್ಣತೆಯನ್ನೂ ಸಮಯವನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಮುಂದೆ ಹೇಳುವುದು ಆರೋಗ್ಯವಂತ, ಬೆಚ್ಚನೆಯ ಕೊಳಕ್ಕೆ ಒಗ್ಗಿದ, ಮೊದಲ ಅಥವಾ ಎರಡನೆಯ ಋತುವಿನ ಈಜುಗಾರರಿಗೆ ನಾನು ಕೊಡುವ ಸಲಹೆ.

ನೀರು 24 ಡಿಗ್ರಿಗಿಂತ ಬೆಚ್ಚಗಿದ್ದರೆ ಸೂಟಿನ ಅಗತ್ಯವಿಲ್ಲ. 20ರಿಂದ 24 ಡಿಗ್ರಿಯಲ್ಲಿ ಒಂದು ಗಂಟೆಯೊಳಗಿನ ಈಜಿಗೆ ಬರಿಯ ಈಜುಡುಗೆ ಸಾಕಾಗುತ್ತದೆ. ತೀರಾ ತೆಳ್ಳಗಿರುವವರು ಮತ್ತು ಎರಡು ಗಂಟೆ ಈಜುವವರು ತೋಳಿಲ್ಲದ ಸೂಟನ್ನು ಪರಿಗಣಿಸಬಹುದು.

ನಿಜವಾದ ಯೋಚನೆ ಬೇಕಾಗುವುದು 16ರಿಂದ 20 ಡಿಗ್ರಿಯ ನಡುವೆ. ಈ ನೀರು ಇಳಿಯುವಾಗ ಮೈ ಜುಮ್ಮೆನ್ನಿಸಿದರೂ ಐದು ನಿಮಿಷಗಳಲ್ಲಿ ಹಿತವೆನಿಸತೊಡಗುತ್ತದೆ, ಆದ್ದರಿಂದ ಹೊಸಬರು ಸೂಟು ಬೇಡವಾಗಿತ್ತು ಎಂದುಕೊಳ್ಳುತ್ತಾರೆ. ಆದರೆ ದೇಹ ಶಾಖವನ್ನು ಕಳೆದುಕೊಳ್ಳುವುದು ಆಗಲೂ ನಿಂತಿರುವುದಿಲ್ಲ. ಚರ್ಮದ ರಕ್ತನಾಳಗಳು ಕುಗ್ಗಿ ಚರ್ಮ ಮರಗಟ್ಟಿದ್ದರಿಂದ ಚಳಿಯ ಅರಿವು ಕಡಿಮೆಯಾಗಿರುತ್ತದೆ, ಅಷ್ಟೆ. ಮೊದಲ ಋತುವಿನವರು ದಡದ ಹತ್ತಿರ ಹದಿನೈದು-ಇಪ್ಪತ್ತು ನಿಮಿಷ ಈಜುವುದಾದರೆ ಸೂಟಿಲ್ಲದೆ ಪ್ರಯತ್ನಿಸಬಹುದು. ಅರ್ಧ ಗಂಟೆ ದಾಟುವುದಾದರೆ, ಅಥವಾ ಸರೋವರದ ನಡುವಿಗೆ ಹೋಗುವುದಾದರೆ, ತೋಳುಳ್ಳ ಪೂರ್ಣ ಸೂಟನ್ನೇ ತೊಡಬೇಕು. ಮೇಲಿನ ಒಂದು ಮೈಲಿಯ ಈಜುಗಾರರಿಗೆ ನನ್ನ ಉತ್ತರ ಇಲ್ಲೇ ಸಿಕ್ಕಿತು: ಜೂನ್‌ನ ವಿಂಡರ್‌ಮಿಯರ್ ಈ ಮಟ್ಟದಲ್ಲಿರಲಿ, ಇನ್ನೂ ತಣ್ಣಗಿರಲಿ, 50 ನಿಮಿಷಕ್ಕೆ ಸೂಟು ಬೇಕು.

12ರಿಂದ 16 ಡಿಗ್ರಿಯ ನೀರು ಕಠಿಣವಾದದ್ದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ವರ್ಷದ ಬಹುಕಾಲ ಇದೇ ಮಟ್ಟದಲ್ಲಿ ಅಥವಾ ಇನ್ನೂ ಕೆಳಗೆ ಇರುತ್ತದೆ. ಅಲ್ಲಿನ ಹಳೆಯ ಈಜು ಕ್ಲಬ್ಬುಗಳ ಸದಸ್ಯರು ಸೂಟಿಲ್ಲದೆ ಈಜುವುದನ್ನು ಕಂಡು ಬೇ ಏರಿಯಾದ ಕನ್ನಡಿಗರು ಉತ್ಸಾಹಗೊಳ್ಳುವುದು ಅರ್ಥವಾಗುವಂಥದ್ದೇ, ಆದರೆ ಆ ಸದಸ್ಯರು ವರ್ಷವಿಡೀ, ವಾರಕ್ಕೆ ಹಲವು ಬಾರಿ ಅದೇ ನೀರಿನಲ್ಲಿ ಇಳಿದವರು. ಹೊಸಬರು ಇಲ್ಲಿ ಸೂಟು ತೊಟ್ಟೂ ಸಮಯವನ್ನು ಮಿತಗೊಳಿಸಬೇಕು. 12 ಡಿಗ್ರಿಗಿಂತ ಕೆಳಗೆ ಪೂರ್ಣ ಸೂಟಿನ ಜೊತೆಗೆ ನಿಯೋಪ್ರೀನ್ ಕ್ಯಾಪ್, ಕೈಗವಸು, ಕಾಲುಚೀಲಗಳೂ ಬೇಕು, ಅನುಭವಿಯೊಬ್ಬರು ಜೊತೆಗಿರಬೇಕು, ಮತ್ತು ದೂರದ ಗುರಿಯನ್ನು ಕೈಬಿಟ್ಟು ನಿಮಿಷಗಳನ್ನಷ್ಟೇ ಎಣಿಸಬೇಕು. ಒಂದು ಡಿಗ್ರಿಗೆ ಒಂದು ನಿಮಿಷ ಎಂಬ ಮಾತು ಚಳಿಗಾಲದ ಈಜುಗಾರರಲ್ಲಿ ಪ್ರಚಲಿತವಿದೆ. ಅದನ್ನು ದಾಟಬಾರದ ಗೆರೆಯೆಂದು ತಿಳಿಯಬಹುದೇ ಹೊರತು ಮುಟ್ಟಲೇಬೇಕಾದ ಗುರಿಯೆಂದಲ್ಲ.

ನಾಲ್ಕನೆಯ ಹೆಜ್ಜೆ: ನಿಮ್ಮ ದೇಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಅಧಿಕ ರಕ್ತದೊತ್ತಡ, ಹೃದಯದ ತೊಂದರೆ, ಹೃದಯ ಬಡಿತದ ಏರುಪೇರು, ಆಸ್ತಮಾ ಇರುವವರು ಮತ್ತು ಗರ್ಭಿಣಿಯರು ಸೂಟಿನ ಪ್ರಶ್ನೆಗೆ ಮುನ್ನವೇ ವೈದ್ಯರನ್ನು ಕೇಳಬೇಕು. ಇದನ್ನು ಔಪಚಾರಿಕವಾಗಿ ಹೇಳುತ್ತಿಲ್ಲ. ತಣ್ಣೀರು ಚರ್ಮಕ್ಕೆ ತಾಗಿದಾಗ ಹೃದಯ ವೇಗವಾಗಿ ಬಡಿಯುವಂತೆ ಆಜ್ಞೆ ಹೋಗುತ್ತದೆ. ಅದೇ ಹೊತ್ತಿಗೆ ಮುಖ ನೀರಿನಲ್ಲಿ ಮುಳುಗಿದ್ದರೆ ನಿಧಾನವಾಗಿ ಬಡಿಯುವಂತೆ ಇನ್ನೊಂದು ಆಜ್ಞೆ ಹೋಗುತ್ತದೆ. ಈ ಎರಡು ಆಜ್ಞೆಗಳ ಸಂಘರ್ಷದಿಂದ ಬಡಿತದ ಲಯ ತಪ್ಪಬಹುದು ಎಂಬುದನ್ನು ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಮೈಕ್ ಟಿಪ್ಟನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದ್ದಾರೆ. ತಣ್ಣೀರಿನಲ್ಲಿ ಶ್ರಮದಿಂದ ಈಜುವಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ತೊಂದರೆಯೂ ಕೆಲವರಿಗೆ ಬರುತ್ತದೆ. ಈಜುವಾಗ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ನಸುಗೆಂಪು ನೊರೆ ಕಂಡರೆ ಕೂಡಲೇ ಹೊರಬಂದು ವೈದ್ಯಕೀಯ ನೆರವು ಪಡೆಯಬೇಕು.

ಚರ್ಮದ ಕೆಳಗಿನ ಕೊಬ್ಬು ಚಳಿಯನ್ನು ತಡೆಯುವುದರಿಂದ ತೆಳ್ಳಗಿನವರಿಗೆ ಸೂಟು ಬೇಗ ಬೇಕಾಗುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣಿಯುವುದರಿಂದ ಅವರಿಗೆ 20 ಡಿಗ್ರಿಯಲ್ಲೂ ಸೂಟು ತೊಡಿಸಬೇಕೆಂದೇ ನನ್ನ ಸಲಹೆ.

ಭಾರತೀಯರ ಮೈ ತಣ್ಣೀರಿಗೆ ಹೊಂದುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಭಾರತದ ಈಜುಗಾರ್ತಿ ಭಕ್ತಿ ಶರ್ಮಾ 2015ರಲ್ಲಿ ಅಂಟಾರ್ಕ್ಟಿಕಾದ ಸುಮಾರು 1 ಡಿಗ್ರಿಯ ನೀರಿನಲ್ಲಿ 41 ನಿಮಿಷ ಈಜಿದ್ದಾರೆ. ವ್ಯತ್ಯಾಸವಿರುವುದು ರೂಢಿಯಲ್ಲಿ, ಮತ್ತು ರೂಢಿಯನ್ನು ಸಂಪಾದಿಸಬಹುದು. ಎರಡು-ಮೂರು ನಿಮಿಷಗಳ ಐದಾರು ಮುಳುಗುಗಳಿಂದಲೇ ಮೊದಲ ಕ್ಷಣದ ಆಘಾತ ಗಮನಾರ್ಹವಾಗಿ ತಗ್ಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಊರಿನಲ್ಲಿರುವಾಗಲೇ ಡಿಸೆಂಬರ್-ಜನವರಿಯ ಮುಂಜಾನೆ ಬಿಸಿ ಮಾಡದ ಕೊಳದಲ್ಲಿ ಈಜಿ ಇದನ್ನು ಆರಂಭಿಸಬಹುದು. ಆದರೆ ಹೀಗೆ ತಗ್ಗುವುದು ಆಘಾತ ಮಾತ್ರ. ದೀರ್ಘಕಾಲ ಚಳಿಯನ್ನು ತಾಳುವ ಶಕ್ತಿ ಬರಲು ಅದೇ ನೀರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಈಜಬೇಕು. ಈ ವ್ಯತ್ಯಾಸವನ್ನು ಅರಿಯದವರು ಆರನೆಯ ಬಾರಿ ಸುಲಭವಾಗಿ ಇಳಿದೆನಲ್ಲ ಎಂದು ಸೂಟನ್ನು ಮನೆಯಲ್ಲಿ ಬಿಟ್ಟು ಒಂದು ಗಂಟೆಯ ಈಜಿಗೆ ಹೊರಡುತ್ತಾರೆ.

ಐದನೆಯ ಹೆಜ್ಜೆ: ಬೆಚ್ಚನೆಯ ನೀರಿನಲ್ಲಿ ತೊಡುವ ಅಪಾಯವನ್ನು ಅರಿಯಿರಿ

ನಮ್ಮ ಕರಾವಳಿಯಲ್ಲಿ ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರದ ನೀರು ಸಾಮಾನ್ಯವಾಗಿ 27ರಿಂದ 30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ವೆಟ್‌ಸೂಟ್ ತೊಡುವುದನ್ನು ನೋಡಿ ಈಜಿಗೂ ಅದು ಬೇಕೆಂದು ಭಾವಿಸಬಾರದು. ಡೈವರ್‌ಗಳು ನಿಧಾನವಾಗಿ ಚಲಿಸುತ್ತಾರೆ, ಬಂಡೆ, ಹವಳಗಳು ತರಚದಂತೆ ಅವರಿಗೆ ಹೊದಿಕೆ ಬೇಕು. ದೂರ ಈಜುವವರ ಸ್ನಾಯುಗಳು ನಿರಂತರವಾಗಿ ಶಾಖವನ್ನು ಉತ್ಪಾದಿಸುತ್ತವೆ, ನೀರಿನೊಳಗೆ ಬೆವರು ಆರಿ ಮೈ ತಂಪಾಗುವಂತಿಲ್ಲ, ಶಾಖ ಹೊರಹೋಗಲು ಚರ್ಮವೊಂದೇ ದಾರಿ. ಆ ದಾರಿಯನ್ನು ಸೂಟಿನಿಂದ ಮುಚ್ಚಿದರೆ ಒಡಲ ಉಷ್ಣತೆ ಅಪಾಯದ ಮಟ್ಟಕ್ಕೆ ಏರುತ್ತದೆ. 2010ರ ಅಕ್ಟೋಬರಿನಲ್ಲಿ ಅಮೆರಿಕದ ಈಜುಗಾರ ಫ್ರಾನ್ ಕ್ರಿಪ್ಪೆನ್ ಯುಎಇಯ ಫುಜೈರಾದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ, ತೀರಾ ಬಿಸಿಯಾದ ನೀರಿನಲ್ಲಿ ಈಜುತ್ತ ಮೃತಪಟ್ಟರು. ಅವರು ವೆಟ್‌ಸೂಟ್ ತೊಟ್ಟಿರಲಿಲ್ಲ. ಅಂತಾರಾಷ್ಟ್ರೀಯ ಮಟ್ಟದ ಪಟುವೊಬ್ಬರು ಸೂಟಿಲ್ಲದೆಯೇ ಪ್ರಾಣ ಕಳೆದುಕೊಂಡ ಅಂತಹ ನೀರಿನಲ್ಲಿ ರಬ್ಬರಿನ ಹೊದಿಕೆ ತೊಡುವುದು ಎಷ್ಟು ಅಪಾಯಕರ ಎಂಬುದನ್ನು ಊಹಿಸಬಹುದು. ಈಗ ಆ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿಯಿದೆ.

ಲೋಳೆಮೀನು, ಬಿಸಿಲುಗಳಿಂದ ರಕ್ಷಣೆ ಬೇಕಾದರೆ ಕರಾವಳಿಯಲ್ಲಿ ತೆಳುವಾದ ಲೈಕ್ರಾ ಉಡುಪು ಸಾಕು.

ಆರನೆಯ ಹೆಜ್ಜೆ: ತೊಡುವುದಾದರೆ ಸರಿಯಾದ ಸೂಟನ್ನು ಸರಿಯಾಗಿ ತೊಡಿ

ಕೊಳ್ಳುವ ಮುನ್ನ ಬಾಡಿಗೆಗೆ ಪಡೆದು ನೋಡಿ. ಇಂಗ್ಲೆಂಡಿನಲ್ಲಿ ಇಡೀ ಋತುವಿಗೆ ಬಾಡಿಗೆ ಕೊಡುವವರಿದ್ದಾರೆ. ಕೇಳಬೇಕಾದದ್ದು ಈಜಿನ ಅಥವಾ ಟ್ರಯಥ್ಲಾನ್ ವೆಟ್‌ಸೂಟನ್ನು. ಅದರಲ್ಲಿ ಎದೆ, ತೊಡೆಗಳ ಕಡೆ ರಬ್ಬರು 4-5 ಮಿಲಿಮೀಟರ್ ದಪ್ಪವಿದ್ದು, ಭುಜ, ತೋಳುಗಳಲ್ಲಿ 2 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿರುತ್ತದೆ. ಸರ್ಫಿಂಗ್ ಸೂಟಿನ ಭುಜದ ದಪ್ಪ ಬಟ್ಟೆಯಲ್ಲಿ ಕೈ ಬೀಸಿದರೆ ಕೆಲವೇ ನೂರು ಮೀಟರುಗಳಲ್ಲಿ ತೋಳು ಸೋಲುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಈಜುವವರು ತೇಲುವಿಕೆ ಕಡಿಮೆಯಿರುವ ಮಾದರಿಯನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಕಾಲು ನೀರಿನಿಂದ ಮೇಲೆದ್ದು ಒದೆತ ವ್ಯರ್ಥವಾಗುತ್ತದೆ, ಕುತ್ತಿಗೆ ಹಿಂದಕ್ಕೆ ಬಾಗಿ ನೋಯುತ್ತದೆ.

ತೊಡುವುದಕ್ಕೆ ಮೊದಲ ಬಾರಿ ಕಾಲು ಗಂಟೆಯಾದರೂ ಬೇಕು. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಇಳಿಯುತ್ತದೆ. ಉಗುರಿನಿಂದ ಹಿಡಿದೆಳೆದರೆ ರಬ್ಬರು ಅರ್ಧಚಂದ್ರಾಕಾರವಾಗಿ ಸೀಳುತ್ತದೆ, ಆದ್ದರಿಂದ ಬೆರಳಿನ ತುದಿಯ ಮಾಂಸಲ ಭಾಗದಿಂದ ಹಿಡಿಯಬೇಕು. ಬಳೆಗಾರ್ತಿ ಬಿಗಿಯಾದ ಬಳೆಯನ್ನು ಸ್ವಲ್ಪಸ್ವಲ್ಪವೇ ಜಾರಿಸಿ ಏರಿಸುವಂತೆ, ಕಣಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ತೊಡೆಗೆ, ಒಂದೊಂದೇ ಮಡಿಕೆಯನ್ನು ಮೇಲಕ್ಕೆ ಸರಿಸುತ್ತ ಬನ್ನಿ. ತೊಡೆಸಂದಿಯಲ್ಲಿ ಸೂಟು ಪೂರ್ತಿ ಕೂರದಿದ್ದರೆ ಆ ಕೊರತೆ ಭುಜದ ಮೇಲೆ ಎಳೆತವಾಗಿ ಕಾಣಿಸುತ್ತದೆ. ಈಜುವಾಗ ಕೈ ಸೋಲುತ್ತದೆ ಎಂದು ದೂರುವವರಲ್ಲಿ ಬಹುಪಾಲು ಮಂದಿಯ ತೊಂದರೆಯ ಮೂಲ ಸೊಂಟದ ಕೆಳಗಿರುತ್ತದೆ. ಭುಜದ ಮೇಲೆ ಒಂದು ಮಡಿಕೆಯಷ್ಟು ಹೆಚ್ಚಿನ ಬಟ್ಟೆ ಸೇರಬೇಕು. ಬೆನ್ನಿನ ಜಿಪ್ಪನ್ನು ಇನ್ನೊಬ್ಬರಿಂದ ಏರಿಸಿಕೊಂಡು, ಕತ್ತಿನ ಸುತ್ತ ಉಜ್ಜದಂತೆ ಸೂಟಿಗೆ ಹಾನಿ ಮಾಡದ ಮುಲಾಮನ್ನು ಹಚ್ಚಿ. ಪೆಟ್ರೋಲಿಯಂ ಜೆಲ್ಲಿಯಿಂದ ನಿಯೋಪ್ರೀನ್ ಹಾಳಾಗುತ್ತದೆಂದು ತಯಾರಕರು ಎಚ್ಚರಿಸುತ್ತಾರೆ.

ಸೂಟು ಎರಡನೆಯ ಚರ್ಮದಂತೆ ಬಿಗಿಯಾಗಿರಬೇಕು, ಆದರೆ ಆಳವಾಗಿ ಉಸಿರೆಳೆದಾಗ ಎದೆ ಪೂರ್ತಿ ಅರಳಬೇಕು, ಕುತ್ತಿಗೆಯ ಪಟ್ಟಿ ತಲೆ ಸುತ್ತುವಷ್ಟು ಒತ್ತಬಾರದು. ಒಣ ನೆಲದ ಮೇಲೆ ತುಸು ಅತಿಯಾಯಿತೆನ್ನಿಸುವ ಬಿಗಿತ ನೀರಿನಲ್ಲಿ ಸಡಿಲುತ್ತದೆ. ದಡದಲ್ಲೇ ಉಸಿರು ಕಟ್ಟಿದಂತಾದರೆ ಆ ಸೂಟು ನಿಮ್ಮದಲ್ಲ.

ಏಳನೆಯ ಹೆಜ್ಜೆ: ನೀರಿನಲ್ಲಿ ನಿರ್ಧಾರವನ್ನು ಪರೀಕ್ಷಿಸಿ

ಸೂಟು ತೊಟ್ಟಿರಲಿ ಬಿಡಲಿ, ಹಾರಬೇಡಿ, ನಡೆದು ಇಳಿಯಿರಿ. ಸೊಂಟದ ಮಟ್ಟಕ್ಕೆ ಬಂದಾಗ ಮುಖಕ್ಕೆ, ಕತ್ತಿನ ಹಿಂಭಾಗಕ್ಕೆ ನೀರು ಹಾಕಿಕೊಳ್ಳಿ. ಸೂಟು ತೊಟ್ಟವರು ಕುತ್ತಿಗೆಯ ಪಟ್ಟಿಯನ್ನು ಎಳೆದು ಸ್ವಲ್ಪ ನೀರನ್ನು ಒಳಬಿಟ್ಟುಕೊಂಡು, ದಡಕ್ಕೆ ಬಂದು ಹೆಚ್ಚಿನದನ್ನು ಹಿಂಡಿ ಹೊರಹಾಕಿದರೆ ಸೂಟು ಮೈಗೆ ಕೂರುತ್ತದೆ. ಆಘಾತದ ತೀವ್ರತೆ ಮೊದಲ ಅರ್ಧ ನಿಮಿಷದಲ್ಲಿ ಅತಿ ಹೆಚ್ಚು, ಎರಡು-ಮೂರು ನಿಮಿಷಗಳಲ್ಲಿ ಅದು ಇಳಿಯುತ್ತದೆ. ಆ ಹೊತ್ತಿನಲ್ಲಿ ತಾನಾಗಿಯೇ ಒಂದು ದೊಡ್ಡ ಉಸಿರು ಒಳಗೆಳೆಯಲ್ಪಡುತ್ತದೆ. ಬಾಯಿ ನೀರಿನೊಳಗಿದ್ದರೆ ಒಳಬರುವುದು ನೀರು. ಆದ್ದರಿಂದ ಉಸಿರಾಟ ಹತೋಟಿಗೆ ಬರುವವರೆಗೆ ಮುಖ ಮುಳುಗಿಸದೆ, ಅಂಗಾತ ಮಲಗಿ, ಕೈಕಾಲು ಅಗಲಿಸಿ ತೇಲುತ್ತಿರಬೇಕು. ಬ್ರಿಟನ್ನಿನ ಸಮುದ್ರ ರಕ್ಷಣಾ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಜನರಿಗೆ ಕಲಿಸುವುದೂ ಇದನ್ನೇ.

ಈಜುವಾಗ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡಿ. ತಾಗಿಸಲಾಗದಿದ್ದರೆ, ಅಥವಾ ಬೆರಳುಗಳು ಒಂದಕ್ಕೊಂದು ಕೂಡದೆ ಉಗುರು ಚಾಚಿದ ಪಂಜದಂತೆ ಅಗಲಿ ನಿಂತರೆ, ಕೈಯ ಸ್ನಾಯು, ನರಗಳು ತಣಿದಿವೆ ಎಂದರ್ಥ. ಒಡಲ ಉಷ್ಣತೆ 35 ಡಿಗ್ರಿಗೆ ಇಳಿದು ಹೈಪೋಥರ್ಮಿಯಾ ಆರಂಭವಾಗುವ ಎಷ್ಟೋ ಮೊದಲೇ ಈಜುಗಾರರು ಮುಳುಗುವುದಕ್ಕೆ ಇದೇ ಕಾರಣ: ಕೈ ಸೋಲುತ್ತದೆ. ಆಗ ಹತ್ತಿರದ ದಡಕ್ಕೆ ತಿರುಗಬೇಕು. ದಡಕ್ಕೆ ಸಮಾನಾಂತರವಾಗಿ ಈಜುವ ರೂಢಿಯಿಟ್ಟುಕೊಂಡರೆ ಆ ತಿರುವು ಯಾವಾಗಲೂ ಹತ್ತಿರದಲ್ಲೇ ಇರುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಹೊಳಪು ಬಣ್ಣದ ಟೋ ಫ್ಲೋಟ್ (ಹಿಂದೆ ತೇಲುತ್ತ ಬರುವ ಗಾಳಿಚೀಲ) ಸೂಟಿಲ್ಲದವರಿಗಂತೂ ಬೇಕೇಬೇಕು, ಸೂಟಿದ್ದವರಿಗೂ ಬೇಕು, ಏಕೆಂದರೆ ಕಪ್ಪು ಸೂಟಿನ ಈಜುಗಾರರು ದೋಣಿಯವರ ಕಣ್ಣಿಗೆ ಬೀಳುವುದೇ ಇಲ್ಲ.

ಎಂಟನೆಯ ಹೆಜ್ಜೆ: ಹೊರಬಂದ ಮೇಲಿನ ಅರ್ಧ ಗಂಟೆಯನ್ನು ಮೊದಲೇ ಏರ್ಪಡಿಸಿ

ನೀರಿನಿಂದ ಬಂದ ಮೇಲೂ ಒಡಲ ಉಷ್ಣತೆ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಹೊರಬಂದಾಗ ನಗುತ್ತ ಮಾತಾಡಿದವರು ಹತ್ತು ನಿಮಿಷಗಳ ನಂತರ ಫ್ಲಾಸ್ಕಿನ ಮುಚ್ಚಳ ತಿರುಗಿಸಲಾರದೆ, ಗುಂಡಿ ಹಾಕಿಕೊಳ್ಳಲಾರದೆ ಗಡಗಡ ನಡುಗುತ್ತ ನಿಲ್ಲುವುದು ಇದರಿಂದಲೇ. ಈ ಅರ್ಧ ಗಂಟೆ ಸೂಟಿನ ನಿರ್ಧಾರದ ಒಂದು ಭಾಗವೆಂದು ನಾನು ಮೊದಲೇ ಹೇಳಿದ್ದು ಇದೇ ಕಾರಣಕ್ಕೆ. ದಡದ ಪಕ್ಕದಲ್ಲೇ ಬೆಚ್ಚನೆಯ ಕೋಣೆಯಿದ್ದು, ಜೊತೆಗೊಬ್ಬರಿದ್ದರೆ 16 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಸೂಟಿಲ್ಲದೆ ಈಜುವುದು ಒಂದು ಮಾತು. ಒಬ್ಬರೇ ಬಂದು, ಗಾಳಿ ಬೀಸುವ ದಾರಿಯಲ್ಲಿ ನಡೆದು ಹೋಗಿ ಬಸ್ಸಿಗೆ ಕಾಯಬೇಕಿದ್ದರೆ ಅದೇ ನೀರಿಗೆ, ಅದೇ ಇಪ್ಪತ್ತು ನಿಮಿಷಕ್ಕೆ, ಸೂಟು ತೊಡುವುದು ಒಳ್ಳೆಯದು.

ಬಟ್ಟೆಗಳನ್ನು ತೊಡುವ ಕ್ರಮದಲ್ಲೇ, ಮೊದಲು ಬೇಕಾದದ್ದು ಮೇಲೆ ಬರುವಂತೆ ಜೋಡಿಸಿಟ್ಟು ನೀರಿಗಿಳಿಯಿರಿ. ಹೊರಬಂದ ಕೂಡಲೇ ಒದ್ದೆಯದನ್ನು ಕಳಚಿ, ಒರೆಸಿಕೊಂಡು, ಮೊದಲು ಎದೆ-ಬೆನ್ನಿಗೆ, ತಲೆಗೆ ಹೊದಿಸಿ, ಆಮೇಲೆ ಕಾಲಿಗೆ ತೊಡಿ. ಮರಗಟ್ಟಿದ ಬೆರಳಿನಿಂದ ಬಿಗಿಯಾದ ಸೂಟನ್ನು ಕಳಚುವುದಕ್ಕೆ ಸಮಯ ಹಿಡಿಯುವುದರಿಂದ ಗಾಳಿಗೆ ಮರೆಯಾದ ಜಾಗವನ್ನು ಮೊದಲೇ ನೋಡಿಟ್ಟುಕೊಂಡಿರಬೇಕು. ಕೂಡಲೇ ಬಿಸಿನೀರಿನ ಸ್ನಾನ ಬೇಡ. ಚರ್ಮದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸಿದು ತಲೆ ಸುತ್ತಿ ಬೀಳಬಹುದು. ಬೆಚ್ಚನೆಯ ಸಿಹಿ ಪಾನೀಯವನ್ನು ಗುಟುಕರಿಸುತ್ತ ಕುಳಿತಿರಿ, ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ. ಮಾತು ತೊದಲಿದರೆ, ಗೊಂದಲ ಕಂಡರೆ, ಅಥವಾ ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತರೆ ತಡಮಾಡದೆ ತುರ್ತು ಸೇವೆಗೆ ಕರೆ ಮಾಡಬೇಕು. ಬ್ರಿಟನ್ನಿನಲ್ಲಿ ಆ ಸಂಖ್ಯೆ 999.

ಸೂಟನ್ನು ಸಿಹಿನೀರಿನಲ್ಲಿ ಜಾಲಿಸಿ, ಒಳಮೈ ಹೊರಗೆ ಬರುವಂತೆ ತಿರುವಿ ನೆರಳಿನಲ್ಲಿ ಒಣಗಿಸಿ. ಅದು ಒಣಗುವ ಹೊತ್ತಿನಲ್ಲಿ ಒಂದು ಪುಸ್ತಕದಲ್ಲಿ ಅಂದಿನ ನೀರಿನ ಉಷ್ಣತೆ, ಗಾಳಿ, ನೀರಿನಲ್ಲಿದ್ದ ನಿಮಿಷಗಳು, ತೊಟ್ಟ ಉಡುಪು, ಹೊರಬಂದ ಮೇಲೆ ನಡುಕ ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದಿಡಿ. ಒಂದು ಋತು ಹೀಗೆ ಬರೆದರೆ ಬೇರೆ ಯಾವ ಪಟ್ಟಿಗಿಂತಲೂ ಆ ಪುಟಗಳೇ ನಿಮಗೆ ಸರಿಯಾದ ಉತ್ತರ ಕೊಡುತ್ತವೆ. ಸೂಟಿಲ್ಲದೆ ಈಜಿದ ದಿನ ನಡುಕ ಕಾಲು ಗಂಟೆಯೊಳಗೆ ನಿಂತಿದ್ದರೆ ಮುಂದಿನ ಬಾರಿ ಅದೇ ಉಷ್ಣತೆಯಲ್ಲಿ ಅಷ್ಟೇ ಹೊತ್ತು ಹಾಗೆಯೇ ಈಜಬಹುದು. ಅರ್ಧ ಗಂಟೆ ದಾಟಿದ್ದರೆ ಸೂಟು ತೊಡಿ, ಇಲ್ಲವೇ ಸಮಯವನ್ನು ಅರ್ಧಕ್ಕೆ ಇಳಿಸಿ.